ಮೊದಲು ಮಾರಾಟ, ಆಮೇಲೆ ಸನ್ಮಾನ

ಅಮೆರಿಕದ ಡೆಟ್ರಾಯಿಟ್ ನಗರದ ಲಿಟಲ್ ಸೀಸರ್ಸ್ ಅರೀನಾದಲ್ಲಿ, ಮಂಜುಗಡ್ಡೆಯ ಅಂಗಣದ ಮೇಲಿನ ಸೂರಿನಿಂದ ಕೆಂಪು–ಬಿಳಿ ಬಾವುಟಗಳು ಇಳಿಬಿದ್ದಿವೆ. ಅವು ಅಲ್ಲಿನ ಐಸ್ ಹಾಕಿ ತಂಡ ರೆಡ್ ವಿಂಗ್ಸ್‌ನ ಬಾವುಟಗಳು. ತಂಡ ಗೆದ್ದ ಹನ್ನೊಂದು ಸ್ಟ್ಯಾನ್ಲಿ ಕಪ್‌ಗಳ ಲೆಕ್ಕ ಅಲ್ಲಿದೆ. ಪಕ್ಕದಲ್ಲೇ ಆಟಗಾರರ ಹೆಸರು ಮತ್ತು ಅಂಗಿಯ ಸಂಖ್ಯೆಗಳಿವೆ. 1 ಟೆರ್ರಿ ಸಾಚುಕ್, 4 ರೆಡ್ ಕೆಲ್ಲಿ, 5 ನಿಕ್ಲಾಸ್ ಲಿಡ್‌ಸ್ಟ್ರೋಮ್, 7 ಟೆಡ್ ಲಿಂಡ್ಸೆ, 9 ಗಾರ್ಡಿ ಹೌ, 10 ಅಲೆಕ್ಸ್ ಡೆಲ್ವೆಕ್ಕಿಯೊ, 12 ಸಿಡ್ ಏಬಲ್, 19 ಸ್ಟೀವ್ ಐಝರ್‌ಮನ್. ಈ ಸಂಖ್ಯೆಗಳನ್ನು ಇನ್ನು ಮುಂದೆ ಆ ತಂಡದಲ್ಲಿ ಯಾರೂ ತೊಡುವಂತಿಲ್ಲ. ಉತ್ತರ ಅಮೆರಿಕದ ಕ್ರೀಡಾಲೋಕದಲ್ಲಿ ಒಂದು ತಂಡ ತನ್ನ ಆಟಗಾರನಿಗೆ ಕೊಡಬಹುದಾದ ಅತಿ ದೊಡ್ಡ ಗೌರವ ಇದು.

ಭಾರತದ ಓದುಗರಿಗೆ ಈ ಪದ್ಧತಿ ಈಗ ಹೊಸದಲ್ಲ. ತೆಂಡೂಲ್ಕರ್ ಅವರ 10 ಮತ್ತು ಧೋನಿ ಅವರ 7ನ್ನು ಭಾರತ ತಂಡದಲ್ಲಿ ಬೇರೆಯವರಿಗೆ ಕೊಡುತ್ತಿಲ್ಲ. 2023ರಲ್ಲಿ ಬೆಂಗಳೂರಿನ ಆರ್‌ಸಿಬಿ ತಂಡ ಡಿ ವಿಲಿಯರ್ಸ್ ಅವರ 17, ಗೇಲ್ ಅವರ 333 ಎರಡನ್ನೂ ಹೀಗೆಯೇ ಎತ್ತಿಟ್ಟಿತು. ಹಳೆಯ ಆಟಗಾರನನ್ನು ತಂಡ ಮರೆತಿಲ್ಲವಲ್ಲ ಎಂದು ಅಭಿಮಾನಿ ಖುಷಿಪಡುತ್ತಾನೆ. ಆ ಖುಷಿಯಲ್ಲಿ ತಪ್ಪೇನೂ ಇಲ್ಲ. ಆದರೆ ಗೌರವ ಕೊಡುವ ಕೈ ಹಿಂದೊಮ್ಮೆ ಏನು ಮಾಡಿತ್ತು ಎಂದು ಆತ ಕೇಳುವುದಿಲ್ಲ. ಕೇಳದೆ ಇರುವಂತೆ ಮಾಡುವುದೇ ಇಂಥ ಸಮಾರಂಭಗಳ ಒಂದು ಕೆಲಸ. ಡೆಟ್ರಾಯಿಟ್‌ನ ಸೂರನ್ನು ಸ್ವಲ್ಪ ಹೊತ್ತು ನೋಡಿದರೆ ಇದು ಅರ್ಥವಾಗುತ್ತದೆ. ಅಲ್ಲಿ ತೂಗುವ ಮೊದಲ ಎಂಟು ಹೆಸರುಗಳಲ್ಲಿ ಮೂವರನ್ನು ತಂಡದ ಒಬ್ಬನೇ ಯಜಮಾನ, ಅವರ ಆಟದ ಉಚ್ಛ್ರಾಯದಲ್ಲೇ, ಬೇರೆ ಊರಿಗೆ ಮಾರಿದ್ದ. ಇಬ್ಬರನ್ನು ಮಾರಿದ್ದು ಅವರು ಬಾಯಿ ತೆರೆದರು ಎಂಬ ಕಾರಣಕ್ಕೆ.

ಏಳನೇ ನಂಬರಿನ ಕಥೆ

ಟೆಡ್ ಲಿಂಡ್ಸೆ ಗಿಡ್ಡ ಆಳು. ಎತ್ತರ ಐದು ಅಡಿ ಎಂಟು ಅಂಗುಲ. ಮುಖದ ತುಂಬ ಹೊಲಿಗೆಯ ಗುರುತು. ಎಡಬದಿಯಲ್ಲಿ ಅವರು, ನಡುವೆ ಸಿಡ್ ಏಬಲ್, ಬಲಬದಿಯಲ್ಲಿ ಗಾರ್ಡಿ ಹೌ. ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್ ಈ ಮೂವರ ದಾಳಿಗೆ ‘ಪ್ರೊಡಕ್ಷನ್ ಲೈನ್’ ಎಂದೇ ಹೆಸರಿಟ್ಟಿತು. 1950, 1952, 1954, 1955, ಹೀಗೆ ಆರು ವರ್ಷಗಳಲ್ಲಿ ನಾಲ್ಕು ಕಪ್. ಕೊನೆಯ ಎರಡರಲ್ಲಿ ಎದೆಯ ಮೇಲೆ ನಾಯಕನ ‘ಸಿ’ ಅಕ್ಷರ ತೊಟ್ಟಿದ್ದವರು ಲಿಂಡ್ಸೆ. ಗೆದ್ದ ಕಪ್ಪನ್ನು ಎತ್ತಿಕೊಂಡು ಅಂಗಣದ ಸುತ್ತ ಜಾರುತ್ತಾ ಪ್ರೇಕ್ಷಕರ ಹತ್ತಿರ ಒಯ್ಯುವ ರೂಢಿಯನ್ನು 1950ರಲ್ಲಿ ಶುರುಮಾಡಿದವರೂ ಅವರೇ ಎನ್ನುತ್ತಾರೆ. ಇವತ್ತು ಪ್ರತಿ ವಿಜೇತ ತಂಡವೂ ಅದನ್ನೇ ಮಾಡುತ್ತದೆ.

ಆಗ ಎನ್‌ಎಚ್‌ಎಲ್ ಲೀಗಿನಲ್ಲಿ ಇದ್ದದ್ದು ಆರೇ ತಂಡ. ಆಟಗಾರನಿಗೆ ಬೇರೆ ತಂಡವನ್ನು ಆರಿಸಿಕೊಳ್ಳುವ ಹಕ್ಕಿರಲಿಲ್ಲ. ಮಾಲೀಕ ಕೊಟ್ಟಷ್ಟು ಪಡೆದು ಆಡಬೇಕು, ಇಲ್ಲವೇ ಆಟ ಬಿಟ್ಟು ಮನೆಗೆ ಹೋಗಬೇಕು. ಪಕ್ಕದವನಿಗೆ ಎಷ್ಟು ಸಂಬಳ ಎಂದು ಆಟಗಾರರಿಗೆ ಗೊತ್ತಿರುತ್ತಿರಲಿಲ್ಲ. 1947ರಲ್ಲಿ ಆರಂಭವಾದ ಪಿಂಚಣಿ ನಿಧಿಗೆ ಪ್ರತಿ ಆಟಗಾರ ವರ್ಷಕ್ಕೆ 900 ಡಾಲರ್ ಕಟ್ಟಬೇಕಿತ್ತು. ಆ ನಿಧಿಯ ಮಂಡಳಿಯಲ್ಲಿ ಆಟಗಾರರ ಪರವಾಗಿ ಲಿಂಡ್ಸೆ ಮತ್ತು ಮಾಂಟ್ರಿಯಲ್ ತಂಡದ ಡಗ್ ಹಾರ್ವೆ ಕೂತರು. ಹಣ ಎಲ್ಲಿದೆ, ಎಷ್ಟಾಗಿದೆ ಎಂದು ಕೇಳಿದರು. ಲೆಕ್ಕ ಸಿಗಲಿಲ್ಲ. ಲೆಕ್ಕ ಕೇಳಿದ್ದೇ ಅಧಿಕಪ್ರಸಂಗ ಎಂಬ ಉತ್ತರ ಸಿಕ್ಕಿತು.

1957ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಆಟಗಾರರ ಸಂಘ ಘೋಷಣೆಯಾಯಿತು. ಅಧ್ಯಕ್ಷರು ಲಿಂಡ್ಸೆ. ಒಬ್ಬರನ್ನು ಬಿಟ್ಟು ಲೀಗಿನ ಎಲ್ಲ ಆಟಗಾರರೂ ಸೇರಿದ್ದರು. ಬೇಡಿಕೆಗಳು ಕ್ರಾಂತಿಕಾರಿಯೇನೂ ಆಗಿರಲಿಲ್ಲ: ಪಿಂಚಣಿಯ ಲೆಕ್ಕ, ಕನಿಷ್ಠ ಸಂಬಳ, ಗಾಯಗೊಂಡವನಿಗೆ ಭದ್ರತೆ. ಗಮನಿಸಬೇಕಾದ ಮಾತೆಂದರೆ, ಅದೇ ಋತುವಿನಲ್ಲಿ ಲಿಂಡ್ಸೆ 30 ಗೋಲು ಹೊಡೆದು, 55 ಗೋಲಿಗೆ ನೆರವಾಗಿ, ತಮ್ಮ ಬದುಕಿನ ಅತ್ಯುತ್ತಮ 85 ಅಂಕ ಗಳಿಸಿದ್ದರು. ಲೀಗಿನಲ್ಲಿ ಅವರಿಗಿಂತ ಮುಂದೆ ಇದ್ದವರು ಗಾರ್ಡಿ ಹೌ ಒಬ್ಬರೇ. ಆ ಜುಲೈ ತಿಂಗಳಲ್ಲಿ ಅವರನ್ನು ಶಿಕಾಗೊ ತಂಡಕ್ಕೆ ಮಾರಲಾಯಿತು.

ಶಿಕಾಗೊ ಏಕೆ? ಆ ವರ್ಷ ಡೆಟ್ರಾಯಿಟ್ ಪಟ್ಟಿಯ ತುದಿಯಲ್ಲಿದ್ದರೆ ಶಿಕಾಗೊ ತಳದಲ್ಲಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಡೆಟ್ರಾಯಿಟ್ ತಂಡದ ಮಾಲೀಕ ಬ್ರೂಸ್ ನಾರಿಸ್. ಶಿಕಾಗೊದ ಸಹಮಾಲೀಕ ಅವರ ಅಣ್ಣ ಜೇಮ್ಸ್ ಡಿ. ನಾರಿಸ್. ಆರು ತಂಡಗಳ ಲೀಗಿನಲ್ಲಿ ಒಂದೇ ಕುಟುಂಬದ ಹಿಡಿತ ಎಷ್ಟಿತ್ತೆಂದರೆ, ಲೀಗನ್ನು ‘ನಾರಿಸ್ ಹೌಸ್ ಲೀಗ್’ ಎಂದು ಜನ ಗೇಲಿ ಮಾಡುತ್ತಿದ್ದರು. ಹಿತ್ತಲ ಕೋಣೆಯಲ್ಲಿ ಕೂಡಿ ಹಾಕಿದ ಹಾಗೆ, ಮನೆಯ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಲಿಂಡ್ಸೆಯನ್ನು ದಬ್ಬಲಾಯಿತು. ಸಂಘದ ಇನ್ನೊಬ್ಬ ಮುಂದಾಳು, ಟೊರಾಂಟೊದ ಜಿಮ್ಮಿ ಥಾಮ್ಸನ್ ಅವರೂ ಅದೇ ಬೇಸಿಗೆಯಲ್ಲಿ ಅದೇ ಶಿಕಾಗೊಗೆ ಹೋದರು. ಎರಡೂ ಕಾಕತಾಳೀಯ ಎಂದು ನಂಬಬೇಕಾದರೆ ವಿಶೇಷ ಪ್ರಯತ್ನ ಬೇಕು.

ಆಡಮ್ಸ್ ಎಂಬ ಯಜಮಾನ

ಈ ವ್ಯವಹಾರ ಮಾಡಿದವರು ಜಾಕ್ ಆಡಮ್ಸ್. 1927ರಿಂದ ಮೂರೂವರೆ ದಶಕ ಡೆಟ್ರಾಯಿಟ್ ತಂಡವನ್ನು ನಡೆಸಿದವರು. ಮೊದಲು ತರಬೇತುದಾರ ಮತ್ತು ಮ್ಯಾನೇಜರ್ ಎರಡೂ ಆಗಿ, ಆಮೇಲೆ ಮ್ಯಾನೇಜರ್ ಮಾತ್ರವಾಗಿ. ತಂಡದ ಹನ್ನೊಂದು ಕಪ್‌ಗಳಲ್ಲಿ ಏಳು ಅವರ ಕಾಲದವು. ಹದಿಹರೆಯದ ಹೌ ಅವರನ್ನು ತಂಡಕ್ಕೆ ತಂದವರೂ ಅವರೇ. ಇದನ್ನು ಯಾರೂ ಅಲ್ಲಗಳೆಯುವ ಅಗತ್ಯವಿಲ್ಲ.

ಆದರೆ ಅವರ ಇನ್ನೊಂದು ಪಟ್ಟಿಯನ್ನೂ ಓದಬೇಕು. 1955ರಲ್ಲಿ ಕಪ್ ಗೆದ್ದ ಬೆನ್ನಿಗೇ ಆ ಕಾಲದ ಶ್ರೇಷ್ಠ ಗೋಲ್‌ಕೀಪರ್ ಸಾಚುಕ್ ಅವರನ್ನು ಬಾಸ್ಟನ್‌ಗೆ ಮಾರಿದರು. ಎರಡು ವರ್ಷದ ಬಳಿಕ ಅವರನ್ನೇ ಮರಳಿ ಕೊಳ್ಳಲು ಜಾನ್ ಬ್ಯೂಸಿಕ್ ಎಂಬ ಹುಡುಗನನ್ನು ಕೊಟ್ಟರು. ಆ ಹುಡುಗ ಬಾಸ್ಟನ್‌ನಲ್ಲಿ ಎರಡು ದಶಕ ಆಡಿ ಆ ತಂಡದ ಕಣ್ಮಣಿಯಾದ. ಸಾಚುಕ್ ಮರಳಿದ್ದರಿಂದ ಬೇಡವಾದ ಇನ್ನೊಬ್ಬ ಗೋಲ್‌ಕೀಪರ್ ಗ್ಲೆನ್ ಹಾಲ್ ಅವರನ್ನು ಲಿಂಡ್ಸೆ ಜೊತೆಗೇ ಶಿಕಾಗೊಗೆ ಕಳಿಸಿದರು. ಹಾಲ್ ಸತತ 502 ಪಂದ್ಯಗಳನ್ನು ಒಂದು ನಿಮಿಷವೂ ಹೊರಗುಳಿಯದೆ ಆಡಿದ ದಾಖಲೆ ಬರೆದರು. 1961ರ ಫೈನಲ್‌ನಲ್ಲಿ ಅದೇ ಹಾಲ್ ನಿಂತಿದ್ದ ಶಿಕಾಗೊ ತಂಡ ಡೆಟ್ರಾಯಿಟ್ಟನ್ನು ಸೋಲಿಸಿ ಕಪ್ ಎತ್ತಿತು. 1955ರ ನಂತರ ಡೆಟ್ರಾಯಿಟ್‌ಗೆ ಮತ್ತೊಂದು ಕಪ್ ಸಿಕ್ಕಿದ್ದು 1997ರಲ್ಲಿ. ಆ 42 ವರ್ಷಗಳ ಬರಕ್ಕೆ ಆಡಮ್ಸ್ ಒಬ್ಬರೇ ಕಾರಣ ಎಂದರೆ ಅದು ಅತಿ. ಆದರೆ ಬರದ ಮೊದಲ ಬೀಜ ಬಿತ್ತಿದ್ದು ಸಿಟ್ಟಿನಿಂದ ಮಾಡಿದ ಆ ಮಾರಾಟಗಳು ಎನ್ನುವುದು ಅತಿಯಲ್ಲ.

ಲಿಂಡ್ಸೆ ಹೋದ ನಂತರ ಡೆಟ್ರಾಯಿಟ್ ಆಟಗಾರರು ಹೆದರಿದರು. 1957ರ ನವೆಂಬರಿನಲ್ಲಿ ಅವರು ಸಂಘದಿಂದ ಹೊರಬಂದರು. ಆಗ ನಾಯಕ ರೆಡ್ ಕೆಲ್ಲಿ. ಅವರೂ ಹೌ ಅವರೂ ಲಿಂಡ್ಸೆಯ ಬೆನ್ನಿಗೆ ನಿಲ್ಲಲಿಲ್ಲ. ಸಂಘ ಉಳಿಯಲಿಲ್ಲ. 1958ರ ಫೆಬ್ರುವರಿಯಲ್ಲಿ ಮಾಲೀಕರು 7,000 ಡಾಲರ್ ಕನಿಷ್ಠ ಸಂಬಳಕ್ಕೂ ಪಿಂಚಣಿಗೆ ಇನ್ನಷ್ಟು ಹಣ ಸೇರಿಸುವುದಕ್ಕೂ ಒಪ್ಪಿದರು. ಸಂಘ ಮುರಿದುಬಿತ್ತು.

ಸುಮ್ಮನಿದ್ದವರಿಗಾದರೂ ರಕ್ಷಣೆ ಸಿಕ್ಕಿತೇ? ಕೆಲ್ಲಿಯ ಕಥೆಯೇ ಉತ್ತರ. 1958–59ರ ಋತುವಿನ ಕೊನೆಯಲ್ಲಿ ಅವರ ಕಾಲಿನ ಮೂಳೆ ಮುರಿದಿತ್ತು. ತಂಡಕ್ಕೆ ಜನ ಸಾಲದೆಂದು ಅದೇ ಕಾಲಿನಲ್ಲಿ ಆಡಿದರು. ತಂಡ ಕೊನೆಯ ಸ್ಥಾನಕ್ಕೆ ಇಳಿಯಿತು. ಕೆಲ್ಲಿ ಮುಗಿದರು ಎಂದು ಜನ ಮಾತಾಡಿಕೊಂಡರು. ವರ್ಷದ ನಂತರ ಪತ್ರಕರ್ತರೊಬ್ಬರು ಹಿಂದಿನ ಋತುವಿನ ಬಗ್ಗೆ ಕೇಳಿದಾಗ ಕೆಲ್ಲಿ ನಿಜ ಹೇಳಿದರು: ಕಾಲು ಮುರಿದಿತ್ತು. ಸುದ್ದಿ ಅಚ್ಚಾಯಿತು. 1960ರ ಫೆಬ್ರುವರಿಯಲ್ಲಿ ಆಡಮ್ಸ್ ಅವರನ್ನು ನ್ಯೂಯಾರ್ಕ್‌ಗೆ ಮಾರಿದರು. ಕೆಲ್ಲಿ ಹೋಗಲು ಒಪ್ಪದೆ ನಿವೃತ್ತಿ ಘೋಷಿಸಿದರು. ಆ ವ್ಯವಹಾರ ರದ್ದಾಗಿ ಟೊರಾಂಟೊ ಅವರನ್ನು ಪಡೆಯಿತು. ಮುಗಿದರು ಎನಿಸಿಕೊಂಡವರು ಅಲ್ಲಿ ಇನ್ನೂ ನಾಲ್ಕು ಕಪ್ ಗೆದ್ದರು. ಆಡುತ್ತಲೇ 1962ರಿಂದ ಮೂರು ವರ್ಷ ಕೆನಡಾದ ಸಂಸದರೂ ಆಗಿದ್ದರು.

ಟೊರಾಂಟೊ 2016ರಲ್ಲಿ ಕೆಲ್ಲಿಯವರ 4ನ್ನು ಸೂರಿಗೇರಿಸಿತು. ಡೆಟ್ರಾಯಿಟ್‌ನಲ್ಲಿ ಅವರು ಆಡಿದ್ದು ಹನ್ನೆರಡಕ್ಕೂ ಹೆಚ್ಚು ವರ್ಷ, ಗೆದ್ದುಕೊಟ್ಟದ್ದು ನಾಲ್ಕು ಕಪ್. ಆದರೂ ಅಲ್ಲಿ ಬಾವುಟ ಏರಿದ್ದು 2019ರ ಫೆಬ್ರುವರಿಯಲ್ಲಿ. ಕೆಲ್ಲಿಗೆ ಆಗ 91 ವಯಸ್ಸು. ಮೂರು ತಿಂಗಳಲ್ಲಿ ತೀರಿಕೊಂಡರು.

ಹೊಟ್ಟೆಗೆ ಹಿಟ್ಟು, ಜುಟ್ಟಿಗೆ ಮಲ್ಲಿಗೆ

ಗಾರ್ಡಿ ಹೌ ಅವರನ್ನು ಯಾರೂ ಮಾರಲಿಲ್ಲ. ಅವರು ಜಗಳಕ್ಕೆ ಹೋದವರಲ್ಲ. ಮಾಲೀಕರು ಹೇಳಿದ್ದನ್ನು ನಂಬಿದರು. ಹಾಗಾದರೆ ನಂಬಿಗಸ್ತನಿಗೆ ಸಿಕ್ಕಿದ್ದೇನು?

1946ರಲ್ಲಿ ತಂಡ ಸೇರುವಾಗ ಹೌ ಕೇಳಿದ್ದು ತಂಡದ ಒಂದು ಜಾಕೆಟ್. ಆ ಜಾಕೆಟ್ ಪಡೆಯುವುದಕ್ಕೂ ಆಡಮ್ಸ್ ಅವರಿಗೆ ನೆನಪಿಸಬೇಕಾಯಿತು ಎಂದು ಹೌ ಮುಂದೆ ಎಷ್ಟೋ ಸಲ ನಗುತ್ತಾ ಹೇಳಿದ್ದರು. ಆರು ಸಲ ಲೀಗಿನ ಅತಿಹೆಚ್ಚು ಅಂಕ, ಆರು ಸಲ ಅತ್ಯಮೂಲ್ಯ ಆಟಗಾರ. ಇಷ್ಟಾದ ಮೇಲೆ 1968ರಲ್ಲಿ ಡೆಟ್ರಾಯಿಟ್‌ಗೆ ಹೊಸದಾಗಿ ಬಂದ ಬಾಬ್ ಬಾನ್ ಎಂಬ ರಕ್ಷಣಾ ಆಟಗಾರ ಒಂದು ದಿನ ಮಾತಿಗೆ ಮಾತು ಬಂದು ತನ್ನ ಸಂಬಳ ಹೇಳಿದ. ಅದು ಹೌ ಅವರ ಸಂಬಳಕ್ಕಿಂತ ಹೆಚ್ಚಿತ್ತು! ಹೌ ನೇರವಾಗಿ ಬ್ರೂಸ್ ನಾರಿಸ್ ಬಳಿ ಹೋಗಿ ಒಂದು ಲಕ್ಷ ಡಾಲರ್ ಕೇಳಿದರು. ನಾರಿಸ್ ತಕ್ಷಣ ಒಪ್ಪಿದರು. ಆ ಒಪ್ಪಿಗೆಯೇ ಹೌ ಅವರನ್ನು ನೋಯಿಸಿರಬೇಕು. ಕೇಳಿದ ಕೂಡಲೇ ಕೊಡಬಹುದಾಗಿದ್ದ ಹಣವನ್ನು ಕೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಎರಡು ದಶಕ ಕೊಟ್ಟಿರಲಿಲ್ಲ ಎಂದಾಯಿತು. ಪಕ್ಕದವನ ಸಂಬಳ ಗೊತ್ತಿರಬೇಕು ಎಂದು ಲಿಂಡ್ಸೆ 1957ರಲ್ಲಿ ಹೇಳಿದ್ದು ಇದನ್ನೇ.

1971ರಲ್ಲಿ ಹೌ ನಿವೃತ್ತರಾದರು. ತಂಡ ಅವರಿಗೆ ಕಚೇರಿಯಲ್ಲಿ ಹುದ್ದೆಯೊಂದನ್ನು ಕೊಟ್ಟಿತು. ಮಾಡಲು ಕೆಲಸ ಕೊಡಲಿಲ್ಲ. 1972ರ ಮಾರ್ಚ್‌ನಲ್ಲಿ 9ನೇ ನಂಬರ್ ಸೂರಿಗೇರಿತು. ಮರುವರ್ಷ ಹೌ ಹ್ಯೂಸ್ಟನ್‌ಗೆ ಹೋಗಿ, 45ರ ವಯಸ್ಸಿನಲ್ಲಿ, ತಮ್ಮ ಇಬ್ಬರು ಮಕ್ಕಳ ಜೊತೆ ಬೇರೊಂದು ಲೀಗಿನಲ್ಲಿ ಮತ್ತೆ ಆಡತೊಡಗಿದರು.

ಪಿಂಚಣಿಯ ಲೆಕ್ಕ? ಅದನ್ನು ಕೊನೆಗೂ ಬಿಚ್ಚಿಸಿದ್ದು ನ್ಯಾಯಾಲಯ. ಕಾರ್ಲ್ ಬ್ರೂವರ್ ಮುಂತಾದ ಮಾಜಿ ಆಟಗಾರರು ಕೆನಡಾದ ಒಂಟಾರಿಯೊ ನ್ಯಾಯಾಲಯಕ್ಕೆ ಹೋದಾಗ ಹೌ ಅವರೂ ಸಹಿ ಹಾಕಿದರು. ನಿಧಿಯಲ್ಲಿ ಉಳಿದಿದ್ದ ಹೆಚ್ಚುವರಿ ಹಣವನ್ನು ಲೀಗು ತನ್ನ ಪಾಲಿನ ವಂತಿಗೆಗೆ ಬಳಸಿಕೊಂಡದ್ದು ತಪ್ಪು, ಅದು ಆಟಗಾರರದ್ದು ಎಂದು 1992ರಲ್ಲಿ ತೀರ್ಪಾಯಿತು. 1994ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಲೀಗಿನ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಬಡ್ಡಿ ಸೇರಿ ಸುಮಾರು 4 ಕೋಟಿ ಡಾಲರ್ ಹಳೆಯ ಆಟಗಾರರಿಗೆ ಮರಳಿತು. ಲಿಂಡ್ಸೆ ಲೆಕ್ಕ ಕೇಳಿ ಆಗಲೇ ಮೂರೂವರೆ ದಶಕ ಕಳೆದಿತ್ತು. ಅಷ್ಟರಲ್ಲಿ ಎಷ್ಟೋ ಜನ ಸತ್ತಿದ್ದರು.

ಸಂಘ ಮುರಿದದ್ದಕ್ಕೆ ಆಟಗಾರರು ಇನ್ನೊಂದು ಬೆಲೆಯನ್ನೂ ತೆತ್ತರು. 1967ರಲ್ಲಿ ಹೊಸ ಸಂಘ ಹುಟ್ಟಿತು. ಈ ಬಾರಿ ಅದರ ಚುಕ್ಕಾಣಿ ಆಟಗಾರರ ಕೈಯಲ್ಲಿರಲಿಲ್ಲ, ಅಲನ್ ಈಗಲ್‌ಸನ್ ಎಂಬ ವಕೀಲರ ಕೈಯಲ್ಲಿತ್ತು. ಸುಮಾರು ಕಾಲು ಶತಮಾನ ಅವರೇ ಯಜಮಾನರು. 1998ರಲ್ಲಿ ಅವರು ವಂಚನೆಯ ತಪ್ಪೊಪ್ಪಿಕೊಂಡು 18 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದರು. ಲೆಕ್ಕ ಕೇಳುವ ಪ್ರಾಮಾಣಿಕನನ್ನು ಓಡಿಸಿದ ಜಾಗಕ್ಕೆ ಲೆಕ್ಕ ಮುಚ್ಚುವವನು ಬಂದು ಕೂತಿದ್ದ.

‘ತಡವಾದರೂ ಸಿಕ್ಕಿತಲ್ಲ’ ಎಂಬ ಸಮಾಧಾನ

1991ರ ನವೆಂಬರ್ 10ರಂದು ಡೆಟ್ರಾಯಿಟ್‌ನಲ್ಲಿ ಲಿಂಡ್ಸೆ ಅವರ 7ನೇ ನಂಬರ್ ಸೂರಿಗೇರಿತು. ಮಾರಿ 34 ವರ್ಷಗಳ ನಂತರ. 2008ರಲ್ಲಿ ಪ್ರತಿಮೆಯೂ ಬಂತು. 2010ರಲ್ಲಿ, ವರ್ಷದ ಶ್ರೇಷ್ಠ ಆಟಗಾರನನ್ನು ಆಟಗಾರರೇ ಮತ ಹಾಕಿ ಆರಿಸುವ ಪ್ರಶಸ್ತಿಗೆ ಟೆಡ್ ಲಿಂಡ್ಸೆ ಪ್ರಶಸ್ತಿ ಎಂದು ಹೆಸರಾಯಿತು. ತಡವಾದರೂ ನ್ಯಾಯ ಸಿಕ್ಕಿತಲ್ಲ, ಇನ್ನೂ ಏಕೆ ಕೆದಕಬೇಕು ಎಂದು ಕೇಳುವವರಿದ್ದಾರೆ.

ಕೆದಕಬೇಕು, ಏಕೆಂದರೆ ಅದೇ ಲೀಗು ವರ್ಷದ ಶ್ರೇಷ್ಠ ತರಬೇತುದಾರನಿಗೆ 1974ರಿಂದ ಕೊಡುತ್ತಾ ಬಂದಿರುವ ಪ್ರಶಸ್ತಿಯ ಹೆಸರು ಜಾಕ್ ಆಡಮ್ಸ್ ಪ್ರಶಸ್ತಿ. ಶ್ರೇಷ್ಠ ರಕ್ಷಣಾ ಆಟಗಾರನಿಗೆ ಕೊಡುವುದು ನಾರಿಸ್ ಟ್ರೋಫಿ. ಅದು ಬ್ರೂಸ್ ನಾರಿಸ್ ಅವರ ತಂದೆಯ ಹೆಸರಿನದು. ಅದರ ಮೊಟ್ಟಮೊದಲ ವಿಜೇತ, 1954ರಲ್ಲಿ, ಇದೇ ರೆಡ್ ಕೆಲ್ಲಿ. ಮಾರಿದವನಿಗೂ ಮಾರಾಟವಾದವನಿಗೂ ಒಂದೇ ಸಂಜೆ, ಒಂದೇ ವೇದಿಕೆಯಲ್ಲಿ, ಸಮನಾದ ಚಪ್ಪಾಳೆ. ಇದನ್ನು ಕ್ಷಮೆ ಎಂದು ಕರೆಯುವುದು ಕಷ್ಟ. ಕ್ಷಮೆಯಲ್ಲಿ ತಪ್ಪು ಯಾವುದೆಂದು ಒಮ್ಮೆಯಾದರೂ ಹೇಳಬೇಕಾಗುತ್ತದೆ.

ಬಾವುಟದ ಮೇಲೆ ಹೆಸರಿದೆ, ಸಂಖ್ಯೆ ಇದೆ. ‘1957ರಲ್ಲಿ ಸಂಘ ಕಟ್ಟಿದ್ದಕ್ಕೆ ಈ ತಂಡ ಇವರನ್ನು ಹೊರಹಾಕಿತು’ ಎಂಬ ಸಾಲಿಲ್ಲ. ಅಪ್ಪನ ಕೈ ಹಿಡಿದು ಬಂದ ಹತ್ತು ವರ್ಷದ ಹುಡುಗಿ ತಲೆ ಎತ್ತಿ ನೋಡಿದಾಗ ಅವಳಿಗೆ ತಿಳಿಯುವುದು ಇಷ್ಟೇ: ಇವರು ದೊಡ್ಡ ಆಟಗಾರ, ಇದು ಅವರನ್ನು ಪ್ರೀತಿಸಿದ ತಂಡ. ಅರ್ಧ ಸತ್ಯವನ್ನು ಇಷ್ಟು ಎತ್ತರದಲ್ಲಿ, ಇಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಾಗ ಉಳಿದರ್ಧ ಕಾಣದೆ ಹೋಗುತ್ತದೆ.

ಲಿಂಡ್ಸೆಗೆ ಗೌರವ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು. 1966ರಲ್ಲಿ ಅವರನ್ನು ಹಾಕಿ ಹಾಲ್ ಆಫ್ ಫೇಮ್‌ಗೆ ಆರಿಸಿದಾಗ ಅಲ್ಲಿನ ಔತಣಕೂಟಕ್ಕೆ ಗಂಡಸರಿಗಷ್ಟೇ ಪ್ರವೇಶ. ಹೆಂಡತಿ ಮಕ್ಕಳು ಬರುವಂತಿಲ್ಲದ ಕಡೆಗೆ ತಾವೂ ಬರುವುದಿಲ್ಲ ಎಂದರು, ಹೋಗಲಿಲ್ಲ. ಮರುವರ್ಷ ನಿಯಮ ಬದಲಾಯಿತು. ಇಂಥವರ ಹೆಸರಿನಲ್ಲಿ ನಡೆಯುವ ಸಮಾರಂಭಕ್ಕೆ ಮಾತು ಬದಲಿಸುವಷ್ಟಾದರೂ ಧೈರ್ಯ ಇರಬೇಡವೇ?

ಒಂದು ಕಣ್ಣಿಗೆ ಬೆಣ್ಣೆ

ಯಾರಿಗೆ ಬಾವುಟ, ಯಾರಿಗಿಲ್ಲ ಎಂಬುದಕ್ಕೂ ಸ್ಪಷ್ಟವಾದ ಅಳತೆಗೋಲಿಲ್ಲ. ಲ್ಯಾರಿ ಆರಿ 1936 ಮತ್ತು 1937ರಲ್ಲಿ ತಂಡದ ಮೊದಲ ಎರಡು ಕಪ್‌ಗಳನ್ನು ಗೆದ್ದುಕೊಟ್ಟವರಲ್ಲಿ ಒಬ್ಬರು. ಹಿಂದೊಮ್ಮೆ ನಾಯಕರೂ ಆಗಿದ್ದವರು. ಅವರ 6ನ್ನು ಮಾಲೀಕ ಜೇಮ್ಸ್ ನಾರಿಸ್ 1938ರಲ್ಲೇ ನಿವೃತ್ತಿಗೊಳಿಸಿದ್ದರು. ಲೀಗಿನ ಅಧಿಕೃತ ಕೈಪಿಡಿಯಲ್ಲೂ ದಶಕಗಳ ಕಾಲ ಹಾಗೆಯೇ ನಮೂದಾಗಿತ್ತು. ಈಗ ಅದಕ್ಕೆ ಬಾವುಟವಿಲ್ಲ. ಆರಿ ಹಾಲ್ ಆಫ್ ಫೇಮ್‌ನಲ್ಲಿಲ್ಲ ಎಂಬುದು ತಂಡದ ಸಬೂಬು. ಒಬ್ಬ ಮಾಲೀಕ ಕೊಟ್ಟ ಮಾತನ್ನು ಇನ್ನೊಬ್ಬ ಮಾಲೀಕ ಮರೆಯಬಹುದು ಎಂದಾದರೆ ‘ಶಾಶ್ವತ’ ಎಂಬ ಪದಕ್ಕೆ ಏನು ಬೆಲೆ?

ಸೆರ್ಗೆಯ್ ಫೆಡರಫ್ 1990ರಲ್ಲಿ ಸೋವಿಯತ್ ತಂಡವನ್ನು ತೊರೆದು ಬಂದವರು. 1994ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ, ಮೂರು ಕಪ್‌ಗಳ ವಿಜೇತ, 2015ರಿಂದ ಹಾಲ್ ಆಫ್ ಫೇಮ್ ಸದಸ್ಯ. ಆದರೆ ಸಂಬಳಕ್ಕಾಗಿ ಪಟ್ಟು ಹಿಡಿದು 1997–98ರ ಋತುವಿನ ಬಹುಭಾಗ ಆಡದೆ ಕೂತಿದ್ದರು. 2003ರಲ್ಲಿ ತಂಡ ಬಿಟ್ಟು ಹೋದರು. ಡೆಟ್ರಾಯಿಟ್ ಜನ ಅವರನ್ನು ವರ್ಷಗಟ್ಟಲೆ ಅಣಕಿಸಿದರು. ಅವರ 91ನ್ನು ಸೂರಿಗೇರಿಸುವ ನಿರ್ಧಾರ ಹೊರಬಿದ್ದದ್ದು 2025ರಲ್ಲಿ. ತಂಡ ಆಟಗಾರನನ್ನು ಮಾರಿದರೆ ಅದು ವ್ಯವಹಾರ, ಆಟಗಾರ ತಂಡವನ್ನು ಬಿಟ್ಟರೆ ಅದು ದ್ರೋಹ! ಲಿಂಡ್ಸೆಗೆ ಕಾಯಿಸಿದ 34 ವರ್ಷ, ಫೆಡರಫ್‌ಗೆ ಕಾಯಿಸಿದ 20ಕ್ಕೂ ಹೆಚ್ಚು ವರ್ಷ, ಎರಡರ ಹಿಂದೆಯೂ ಈ ಎರಡು ಅಳತೆಗಳಿವೆ.

ಇನ್ನು ವ್ಲಾದಿಮಿರ್ ಕಾನ್‌ಸ್ಟಾಂಟಿನೊವ್. 1997ರ ಜೂನ್ 7ರಂದು 42 ವರ್ಷದ ಬರ ನೀಗಿಸಿದ ತಂಡದ ರಕ್ಷಣಾ ಆಟಗಾರ. ಆ ವರ್ಷದ ನಾರಿಸ್ ಟ್ರೋಫಿಯಲ್ಲಿ ಎರಡನೆಯವರು. ಆರು ದಿನಗಳ ನಂತರ, ಬಾಡಿಗೆ ಲಿಮೋಸಿನ್‌ನ ಚಾಲಕ ನಿದ್ದೆಹೋಗಿ ಕಾರು ಮರಕ್ಕೆ ಗುದ್ದಿತು. ಕಾನ್‌ಸ್ಟಾಂಟಿನೊವ್ ಅವರ ಮೆದುಳಿಗೆ ಶಾಶ್ವತ ಹಾನಿಯಾಯಿತು. ಮರುವರ್ಷ ತಂಡ ಮತ್ತೆ ಗೆದ್ದಾಗ ನಾಯಕ ಐಝರ್‌ಮನ್ ಕಪ್ಪನ್ನು ಮೊದಲು ತಂದಿಟ್ಟದ್ದು ಗಾಲಿಕುರ್ಚಿಯಲ್ಲಿ ಕೂತಿದ್ದ ಅವರ ಮಡಿಲಿಗೆ. ಆಡದಿದ್ದರೂ 1998ರ ಕಪ್ಪಿನ ಮೇಲೆ ಅವರ ಹೆಸರು ಕೆತ್ತಲಾಯಿತು. ಅದು ನಿಜವಾದ ಗೌರವ, ಜೊತೆಗಾರರು ಕೊಟ್ಟದ್ದು. ಅವರ 16ನ್ನು ಆಮೇಲೆ ಯಾರಿಗೂ ಕೊಟ್ಟಿಲ್ಲ, ಬಾವುಟವೂ ಏರಿಲ್ಲ.

ಆದರೆ ಬಾವುಟಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಅವರಿಗೆ ದಿನದ 24 ಗಂಟೆಯೂ ಆರೈಕೆ ಬೇಕು. ಅದರ ವೆಚ್ಚ ನಡೆಯುತ್ತಿದ್ದುದು ಮಿಚಿಗನ್ ರಾಜ್ಯದ ವಾಹನ ವಿಮೆಯಿಂದ. 2019ರಲ್ಲಿ ರಾಜ್ಯ ಆ ಕಾನೂನನ್ನು ಬದಲಿಸಿತು. 2021ರಿಂದ ಇಂಥ ಆರೈಕೆ ಮಾಡುವ ಸಂಸ್ಥೆಗಳಿಗೆ ಸಿಗುವ ಹಣ ಹಿಂದಿದ್ದ ದರದ ಶೇ 55ಕ್ಕೆ ಇಳಿಯಿತು. 2022ರ ಹೊತ್ತಿಗೆ ಕಾನ್‌ಸ್ಟಾಂಟಿನೊವ್ ಆರೈಕೆ ನಿಂತೇಹೋಗುವ ಆತಂಕ ಅಮೆರಿಕದ ಪತ್ರಿಕೆಗಳಲ್ಲಿ ವರದಿಯಾಯಿತು. 2019ಕ್ಕೆ ಮುಂಚೆ ಗಾಯಗೊಂಡವರಿಗೆ ಈ ಕಡಿತ ಅನ್ವಯಿಸದು ಎಂದು 2023ರಲ್ಲಿ ಮಿಚಿಗನ್ ಸುಪ್ರೀಂ ಕೋರ್ಟ್ ಹೇಳಿದ ಮೇಲಷ್ಟೇ ಉಸಿರಾಡುವಂತಾಯಿತು. ಈ ಸಂಕಟದಲ್ಲಿ ಅವರ ಜೊತೆ ಹೆಸರಿಲ್ಲದ ಸಾವಿರಾರು ಗಾಯಾಳುಗಳಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಗೆ ಇದಕ್ಕಿಂತ ನಿಷ್ಠುರವಾದ ಉದಾಹರಣೆ ಬೇಕಿಲ್ಲ. ಕಪ್ಪಿನ ಮೇಲೆ ಕೆತ್ತಿದ ಹೆಸರು ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಲು ಬರುವ ನರ್ಸ್‌ಗೆ ಸಂಬಳ ಕೊಡುವುದಿಲ್ಲ.

ಕಲ್ಲಿನಲ್ಲಿ ಬರೆದ ಕಾರಣ

ಇದಕ್ಕೆ ವ್ಯವಹಾರಸ್ಥರ ಉತ್ತರ ಸಿದ್ಧವಿದೆ. ವೃತ್ತಿಪರ ಕ್ರೀಡೆ ಧರ್ಮಛತ್ರವಲ್ಲ. ಆಟಗಾರರನ್ನು ಮಾರುವುದು, ಕೊಳ್ಳುವುದು ಅಲ್ಲಿ ಸಹಜ. ಇವತ್ತಿನ ಮೌಲ್ಯಗಳಿಂದ 1957ನ್ನು ಅಳೆಯಬಾರದು. ಈಗಿನ ಮಾಲೀಕರು ಇಲಿಚ್ ಕುಟುಂಬದವರು, ನಾರಿಸ್ ಕುಟುಂಬದ ಪಾಪ ಅವರಿಗೇಕೆ ಎಂದು ಅವರು ವಾದಿಸುತ್ತಾರೆ.

ಮಾರಾಟ ಸಹಜ, ನಿಜ. ಆದರೆ ಜೀವನದ ಶ್ರೇಷ್ಠ ಋತುವನ್ನು ಆಗಷ್ಟೇ ಆಡಿ ಮುಗಿಸಿದವನನ್ನು ಮಾರುವುದು ವ್ಯವಹಾರದ ದೃಷ್ಟಿಯಿಂದಲೇ ಮೂರ್ಖತನ. ಅದು ನಡೆದದ್ದು ಬೇರೆ ಕಾರಣಕ್ಕೆ. ಮೌಲ್ಯಗಳ ಮಾತೂ ನಿಲ್ಲುವುದಿಲ್ಲ. 1957ರಲ್ಲೇ, ಅದೇ ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳಲ್ಲಿ ದೇಶದ ಅತಿ ಬಲಿಷ್ಠ ಕಾರ್ಮಿಕ ಸಂಘಗಳಲ್ಲೊಂದು ಎರಡು ದಶಕಗಳಿಂದ ಕೆಲಸ ಮಾಡುತ್ತಿತ್ತು. ಗ್ಯಾಲರಿಯಲ್ಲಿ ಕೂತ ಕಾರ್ಮಿಕನಿಗಿದ್ದ ಹಕ್ಕು ಅಂಗಣದಲ್ಲಿ ಆಡುವವನಿಗಿರಲಿಲ್ಲ. ಇನ್ನು ಈಗಿನ ಮಾಲೀಕರು ಹಳೆಯ ಪಾಪದ ಭಾಗಿಗಳಲ್ಲ ಎಂದಾದರೆ ಹಳೆಯ ಕಪ್‌ಗಳ ಪುಣ್ಯವೂ ಅವರದ್ದಲ್ಲ. ಏಳು ಕಪ್‌ಗಳ ಬಾವುಟ ತೂಗಿಸುವಾಗ ಚರಿತ್ರೆ ತಮ್ಮದು, ಲಿಂಡ್ಸೆಯ ಮಾರಾಟದ ಮಾತು ಬಂದಾಗ ಅದು ಬೇರೆಯವರದು ಎನ್ನಲಾಗದು.

ಡೆಟ್ರಾಯಿಟ್ ಒಂದೇ ತಪ್ಪಿತಸ್ಥನೂ ಅಲ್ಲ. ಸಂಘದಲ್ಲಿ ಲಿಂಡ್ಸೆಗೆ ಹೆಗಲು ಕೊಟ್ಟ ಡಗ್ ಹಾರ್ವೆ ಅವರನ್ನು ಮಾಂಟ್ರಿಯಲ್ 1961ರಲ್ಲಿ, ಅವರು ನಾರಿಸ್ ಟ್ರೋಫಿ ಗೆದ್ದ ವರ್ಷವೇ, ನ್ಯೂಯಾರ್ಕ್‌ಗೆ ಕಳಿಸಿತು. ಅವರ ನಂಬರ್ ಸೂರಿಗೇರಲು 1985 ಬರಬೇಕಾಯಿತು. ನಾಲ್ಕು ವರ್ಷಗಳಲ್ಲಿ ಅವರೂ ಇಲ್ಲವಾದರು.

ಕನ್ನಡನಾಡಿನ ಹೊಲಗಳ ಬದುವಿನಲ್ಲಿ, ಊರ ಬಾಗಿಲಲ್ಲಿ ಸಾವಿರಾರು ವೀರಗಲ್ಲುಗಳು ನಿಂತಿವೆ. ಬರಹವಿರುವ ಕಲ್ಲುಗಳು ಹೆಸರೊಂದನ್ನೇ ಹೇಳಿ ಸುಮ್ಮನಾಗುವುದಿಲ್ಲ. ಯಾವ ಊರಿನ ತುರು ಕವರಿದಾಗ, ಯಾರ ಮೇಲೆ ಕಾದಿ, ಹೇಗೆ ಬಿದ್ದ ಎಂದು ಹೇಳುತ್ತವೆ. ಅನೇಕ ಕಲ್ಲುಗಳಲ್ಲಿ ಇನ್ನೂ ಒಂದು ಸಂಗತಿ ಇರುತ್ತದೆ: ಸತ್ತವನ ಮನೆಯವರಿಗೆ ಬಿಟ್ಟ ಭೂಮಿ. ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಆ ಕಾಲವೇನೂ ನ್ಯಾಯದ ಸ್ವರ್ಗವಾಗಿರಲಿಲ್ಲ. ಆದರೂ ಗೌರವಕ್ಕೆ ಎರಡು ಭಾಗ ಇರಬೇಕು, ಕಾರಣವನ್ನು ಬರೆಯುವುದು ಮತ್ತು ಉಳಿದವರ ಹೊಟ್ಟೆ ನೋಡುವುದು ಎಂಬ ತಿಳಿವಳಿಕೆ ಆ ಕಲ್ಲು ಕಡೆದವರಿಗಿತ್ತು. ಕೋಟ್ಯಂತರ ಡಾಲರ್ ಖರ್ಚಿನಲ್ಲಿ ಕಟ್ಟಿದ ಕ್ರೀಡಾಂಗಣದ ಸೂರು ಆ ಅಳತೆಯಲ್ಲಿ ಸೋಲುತ್ತದೆ.

ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಲಿಂಡ್ಸೆ ಮತ್ತು ಕೆಲ್ಲಿಯವರ ಮಾರಾಟದ ಕಾರಣವನ್ನು ತಂಡ ತನ್ನ ಕ್ರೀಡಾಂಗಣದಲ್ಲೇ, ಪ್ರತಿಮೆಯ ಪಕ್ಕದಲ್ಲೇ, ತನ್ನ ಮಾತಿನಲ್ಲೇ ಬರೆಯಬೇಕು. 6 ಮತ್ತು 16ನ್ನು ಸೂರಿಗೇರಿಸಬೇಕು. ತರಬೇತುದಾರರ ಪ್ರಶಸ್ತಿಗೆ ಲೀಗು ಬೇರೆ ಹೆಸರು ಹುಡುಕಬೇಕು. ಸಂಘ ಮುರಿದವನ ಹೆಸರನ್ನು ತರಬೇತುದಾರರ ಮೇಲೆ ಇನ್ನೂ ಹೊರಿಸುವ ಅಗತ್ಯವಿಲ್ಲ. ಆಟದಿಂದ ಜರ್ಜರಿತರಾದ ಹಳಬರ ಆರೈಕೆ ವಿಮೆಯ ಕಾನೂನಿಗೋ ದಾನಿಗಳ ಮರ್ಜಿಗೋ ತೂಗುಬೀಳದಂತೆ ಲೀಗಿನ ಆದಾಯದಿಂದಲೇ ನಡೆಯಬೇಕು.

ಮತ್ತೆ ಭಾರತದ ಕಡೆ. ಇಲ್ಲಿ ಲೋಧಾ ಸಮಿತಿಯ ಶಿಫಾರಸಿನ ಬೆನ್ನಿಗೆ 2019ರಲ್ಲಿ ಭಾರತೀಯ ಕ್ರಿಕೆಟಿಗರ ಸಂಘ ಹುಟ್ಟಿತು. ಅದು ನಿವೃತ್ತರ ಸಂಘ. ಇವತ್ತು ಬ್ಯಾಟು ಹಿಡಿದು ಅಂಗಣಕ್ಕೆ ಇಳಿಯುವವನಿಗೆ ಅದರಲ್ಲಿ ಜಾಗವಿಲ್ಲ. ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಮಂಡಳಿಯ ಎದುರು ಹಾಲಿ ಆಟಗಾರರ ಪರವಾಗಿ ಲೆಕ್ಕ ಕೇಳಲು ಸಂಘಟಿತ ದನಿ ಇಲ್ಲ. ಕೋಟಿ ಎಣಿಸುವ ನಾಲ್ಕು ತಾರೆಯರಿಗೆ ಅದರ ಅಗತ್ಯ ಕಾಣದಿರಬಹುದು. 1957ರಲ್ಲಿ ಗಾರ್ಡಿ ಹೌ ಅವರಿಗೂ ಕಂಡಿರಲಿಲ್ಲ. ಅಗತ್ಯವಿರುವುದು ರಣಜಿ ಆಡಿ, ಮೊಣಕಾಲು ಹೋಗಿ, ಮೂವತ್ತಕ್ಕೇ ಮನೆಗೆ ಮರಳುವವನಿಗೆ. ಮುಂದಿನ ಬಾರಿ ಯಾವುದೋ ತಂಡ ಯಾರದೋ ಸಂಖ್ಯೆಯನ್ನು ದೀಪ, ಪಟಾಕಿ, ಹಾಡುಗಳ ನಡುವೆ ಎತ್ತಿಡುವಾಗ ಚಪ್ಪಾಳೆ ತಟ್ಟುವವರು ತಟ್ಟಲಿ. ಆ ಆಟಗಾರನ ಜೊತೆ ಆಡಿದ ಉಳಿದ ಹತ್ತು ಜನರ ಕರಾರಿನಲ್ಲಿ ಏನು ಬರೆದಿತ್ತು ಎಂದು ಕೇಳುವ ಟೆಡ್ ಲಿಂಡ್ಸೆ ಒಬ್ಬ ಆ ಗದ್ದಲದಲ್ಲಿ ಇದ್ದರೆ, ಅವನನ್ನು ಮಾರಿ, ಕಾಯಿಸಿ, ಮುದುಕನಾದ ಮೇಲೆ ಬಾವುಟ ಏರಿಸುವ ಬದಲು ಆಗಲೇ ಉತ್ತರ ಕೊಡುವುದು ಒಳ್ಳೆಯದು.